ಇಇಜಿ ಹೆಡ್‌ಸೆಟ್ ವೈರಿಂಗ್: ಯಾವ ವೈರು ಎಲ್ಲಿಗೆ ಹೋಗ್ತಿದೆ ಅಂತ ನಿಜವಾಗ್ಲೂ ಗೊತ್ತಾ?

ಇಇಜಿ ಹೆಡ್‌ಸೆಟ್ಟನ್ನ, ಅಂದ್ರೆ ಮೆದುಳಿನ ವಿದ್ಯುತ್ ಸಿಗ್ನಲ್ಲನ್ನ ನೆತ್ತಿ ಮೇಲಿಂದ ಹಿಡಿಯೋ ಸಾಧನವನ್ನ, ಅದರ ಬೋರ್ಡಿಗೆ ಜೋಡಿಸೋವಾಗ ಎರಡು ಥರದ ತಪ್ಪು ಆಗತ್ತೆ. ಮೊದಲನೇದು ತಾನೇ ಕೂಗಿ ಹೇಳೋ ತಪ್ಪು. ವೈರ್ ಒಳಗಡೆ ಕಟ್ ಆಗಿದೆ, ಕಿವಿ ಕ್ಲಿಪ್ಪು ಸರಿಯಾಗಿ ಕೂತಿಲ್ಲ, ಬ್ಯಾಟರಿ ಇಳಿದಿದೆ, ಇವೆಲ್ಲ ಸ್ಕ್ರೀನ್ ಮೇಲೆ ಗೀಚಿದ ಹಾಗೆ ಕಾಣತ್ತೆ, ಅರ್ಧ ನಿಮಿಷದಲ್ಲಿ ನಿಮಗೆ ಗೊತ್ತಾಗತ್ತೆ. ಎರಡನೇದು ಬಾಯೇ ಬಿಡದ ತಪ್ಪು. ಸಿ3, ಎಫ್3 ಅಂದ್ರೆ ತಲೆ ಮೇಲೆ ಎಲೆಕ್ಟ್ರೋಡ್ (ಚರ್ಮಕ್ಕೆ ತಾಗೋ ತುದಿ) ಕೂರೋ ಜಾಗಗಳ ಹೆಸರು. ಸಿ3 ಜಾಗದ ವೈರು ಎಫ್3 ಪಿನ್ನಿಗೆ ಹೋಗಿದೆ, ಎಫ್3 ವೈರು ಸಿ3 ಪಿನ್ನಿಗೆ ಬಂದಿದೆ ಅಂದ್ಕೊಳ್ಳಿ. ಎರಡರಲ್ಲೂ ಚೊಕ್ಕವಾದ ಸಿಗ್ನಲ್ಲೇ ಬರತ್ತೆ, ಇಂಪೀಡೆನ್ಸ್ (ಎಲೆಕ್ಟ್ರೋಡಿಗೂ ಚರ್ಮಕ್ಕೂ ನಡುವಿನ ತಡೆ) ಹಸಿರು ತೋರಿಸತ್ತೆ, ಸಾಫ್ಟ್‌ವೇರ್ ಒಂದು ಮಾತೂ ಹೇಳಲ್ಲ. ನೀವು ಬಲಗೈ ಆಡಿಸೋ ಕಲ್ಪನೆ ಮಾಡ್ಕೊಂಡಾಗ ಸಿ3 ಮೇಲಿನ ಮ್ಯೂ ರಿದಮ್ (ಕೈಕಾಲು ಆಡಿಸೋದಕ್ಕೆ ಸಂಬಂಧಪಟ್ಟ ಮೆದುಳಿನ ಅಲೆ) ಇಳಿಯತ್ತಾ ಅಂತ ನೋಡ್ತಾ ಕೂತಿರ್ತೀರಿ, ಅದು ಇಳಿಯಲ್ಲ, ಆಮೇಲೆ ನೀವು ಬೈಯೋದು ಅಲ್ಗಾರಿದಮ್ಮನ್ನ, ಇಲ್ಲಾಂದ್ರೆ ಹೆಡ್‌ಸೆಟ್ ಹಾಕ್ಕೊಂಡಿರೋರನ್ನ. ಇವತ್ತು ನಾನು ಹೆಚ್ಚು ಹೊತ್ತು ಮಾತಾಡೋದು ಈ ಎರಡನೇ ಥರದ ತಪ್ಪಿನ ಬಗ್ಗೆನೇ, ಯಾಕಂದ್ರೆ ಮೊದಲನೇದಕ್ಕೆ ಔಷಧಿ ಹುಡುಕೋದು ಸುಲಭ.

ಉದಾಹರಣೆಗೆ ಓಪನ್‌ಬಿಸಿಐ ಅನ್ನೋ ಕಂಪನಿಯವರ ಸೈಟಾನ್ ಬೋರ್ಡು, ಅದರ ಮೇಲೆ ಕೂರೋ ಡೈಸಿ ಬೋರ್ಡು, ಅವರದ್ದೇ ತ್ರೀಡಿ ಪ್ರಿಂಟ್ ಮಾಡಿದ ಅಲ್ಟ್ರಾಕಾರ್ಟೆಕ್ಸ್ ಮಾರ್ಕ್ ಫೋರ್ ಹೆಡ್‌ಸೆಟ್ಟು, ಇವನ್ನ ತಗೊಳ್ತೀನಿ. ವಿನ್ಯಾಸ ಎಲ್ಲ ಓಪನ್ ಆಗಿರೋದ್ರಿಂದ ಒಳಗೆ ಏನಿದೆ ಅಂತ ಮುಚ್ಚುಮರೆ ಇಲ್ದೆ ಮಾತಾಡ್ಬಹುದು. ನಿಮ್ಮ ಹತ್ರ ಬೇರೆ ಬೋರ್ಡ್ ಇದ್ರೂ ಪಿನ್ ಹೆಸರು ಬದಲಾಗತ್ತೆ ಅಷ್ಟೆ, ತರ್ಕ ಇದೇ.

ಮೊದಲು ಸಿಗ್ನಲ್ ಎಷ್ಟು ಸಣ್ಣದು ಅನ್ನೋದು ತಲೇಲಿ ಇರ್ಲಿ. ನೆತ್ತಿ ಮೇಲೆ ಸಿಗೋ ಇಇಜಿ ಹೆಚ್ಚುಕಮ್ಮಿ 10ರಿಂದ 100 ಮೈಕ್ರೋವೋಲ್ಟ್. ಎದೆ ಮೇಲೆ ತೆಗೆಯೋ ಇಸಿಜಿ ಸುಮಾರು 1 ಮಿಲಿವೋಲ್ಟ್, ಅದೇ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಒಂದು ಎಎ ಸೆಲ್ಲಿನ 1.5 ವೋಲ್ಟನ್ನ 15 ಲಕ್ಷ ಭಾಗ ಮಾಡಿದ್ರೆ ಒಂದು ಭಾಗ 1 ಮೈಕ್ರೋವೋಲ್ಟ್, ಅಂಥ ಹತ್ತಿಪ್ಪತ್ತು ಭಾಗಕ್ಕೋಸ್ಕರ ನಾವು ಇಷ್ಟೆಲ್ಲ ಒದ್ದಾಡ್ತಿರೋದು. 1924ರಲ್ಲಿ ಹಾನ್ಸ್ ಬರ್ಗರ್ ಮನುಷ್ಯನ ತಲೆಯಿಂದ ಇದನ್ನ ಮೊದಲ ಸಲ ದಾಖಲಿಸಿದ್ರು, ಆದರೆ ಪ್ರಕಟಿಸಿದ್ದು 1929ರಲ್ಲಿ. ಮಧ್ಯದ ಆ ವರ್ಷಗಳಲ್ಲಿ ಇದು ನಿಜವಾಗ್ಲೂ ಮೆದುಳಿಂದಲೇ ಬರ್ತಿದೆಯಾ, ಇಲ್ಲ ಬೇರೆ ಎಲ್ಲಿಂದಾದ್ರೂ ಬರ್ತಿದೆಯಾ ಅನ್ನೋ ಅನುಮಾನ ಅವರನ್ನ ಬಿಟ್ಟಿರಲಿಲ್ಲ. ಆ ಅನುಮಾನ ನಮಗೂ ಇರಬೇಕು, ಅದೊಂದು ಒಳ್ಳೆ ಗುಣ.

ಸೈಟಾನ್ ಬೋರ್ಡಿನ ಹೃದಯ ಅಂದ್ರೆ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಎಡಿಎಸ್1299 ಚಿಪ್ಪು. ಎಂಟು ಚಾನೆಲ್, ಅಂದ್ರೆ ಒಂದೇ ಸಲಕ್ಕೆ ಎಂಟು ಜಾಗದ ಸಿಗ್ನಲ್, 24 ಬಿಟ್. ಗೇನ್, ಅಂದ್ರೆ ಸಿಗ್ನಲ್ಲನ್ನ ಎಷ್ಟು ಪಟ್ಟು ಹಿಗ್ಗಿಸ್ಬೇಕು ಅನ್ನೋದನ್ನ, 24ಕ್ಕೆ ಇಟ್ಟಾಗ ಇದರ ಅಳತೆ ವ್ಯಾಪ್ತಿ ಪ್ಲಸ್ ಮೈನಸ್ 187.5 ಮಿಲಿವೋಲ್ಟ್, ಒಂದು ಹೆಜ್ಜೆ ಅಂದ್ರೆ ಸುಮಾರು 0.022 ಮೈಕ್ರೋವೋಲ್ಟ್. ಹತ್ತು ಮೈಕ್ರೋವೋಲ್ಟ್ ಅಳೆಯೋಕೆ 187 ಮಿಲಿವೋಲ್ಟ್ ವ್ಯಾಪ್ತಿ ಯಾಕೆ ಅಂತ ಕೇಳ್ಬಹುದು. ಲೋಹ ಚರ್ಮಕ್ಕೆ ತಾಗಿದ ಕಡೆ ಬ್ಯಾಟರಿ ಥರ ಒಂದು ಡಿಸಿ ವೋಲ್ಟೇಜ್ ಹುಟ್ಕೊಳ್ಳತ್ತೆ, ಅದು ಹತ್ತಾರು ಮಿಲಿವೋಲ್ಟ್ ಇರ್ಬಹುದು, ನಮ್ಮ ಇಇಜಿ ಅದರ ಮೇಲೆ ಕೂತ ಸಣ್ಣ ನಡುಕ. ಆ ಡಿಸಿ ವ್ಯಾಪ್ತಿ ಮೀರಿ ಹೋದಾಗ ಸಾಫ್ಟ್‌ವೇರಲ್ಲಿ ಆ ಚಾನೆಲ್ ಪಕ್ಕ ರೈಲ್ಡ್ ಅಂತ ಬರತ್ತೆ. ಮೈಕ್ರೋವೋಲ್ಟ್ ಲೆಕ್ಕದಲ್ಲಿ 187500 ಅನ್ನೋ ಸಂಖ್ಯೆ ಕಂಡ್ರೆ ಅದು ಮೆದುಳೂ ಅಲ್ಲ, ನಾಯ್ಸೂ ಅಲ್ಲ, ಆ ಇನ್‌ಪುಟ್ ಎಲ್ಲಿಗೂ ಸರಿಯಾಗಿ ತಾಗದೆ ತೂಗಾಡ್ತಿದೆ ಅಂತ ಅರ್ಥ.

ಈಗ ವೈರಿಗೆ ಬರೋಣ. ಎಲ್ಲರೂ ಒಂದನೇ ನಂಬರ್ ಚಾನೆಲ್ಲಿಂದ ಶುರು ಮಾಡ್ತಾರೆ. ನಾನು ಹೇಳೋದು, ರೆಫರೆನ್ಸಿಂದ ಶುರು ಮಾಡಿ. ಯಾರದ್ದಾದ್ರೂ ಎತ್ತರ ಅಳೀಬೇಕಾದ್ರೆ ಮೊದಲು ನೆಲ ಯಾವುದು ಅಂತ ತೀರ್ಮಾನ ಆಗ್ಬೇಕಲ್ಲ, ರೆಫರೆನ್ಸ್ ಅನ್ನೋದು ಆ ನೆಲ. ಸೈಟಾನಲ್ಲಿ ಪಿನ್ನುಗಳು ಮೇಲೊಂದು ಕೆಳಗೊಂದು ಸಾಲಲ್ಲಿ ಇರತ್ತೆ, ಇಇಜಿಗೆ ನಾವು ಬಳಸೋದು ಕೆಳಸಾಲು. ಒಂದು ಕಿವಿ ಕ್ಲಿಪ್ಪು ಕೆಳಸಾಲಿನ ಎಸ್‌ಆರ್‌ಬಿ ಪಿನ್ನಿಗೆ ಹೋಗತ್ತೆ, ಅದೇ ರೆಫರೆನ್ಸು. ಚಿಪ್ಪಿನ ಒಳಗೆ ಸ್ವಿಚ್ ಇದೆ, ಆ ಒಂದು ಪಿನ್ನಿಗೆ ಬಂದಿದ್ದನ್ನ ಎಂಟೂ ಚಾನೆಲ್ಲಿನ ಇನ್ನೊಂದು ತುದಿಗೆ ಹಂಚತ್ತೆ. ಇನ್ನೊಂದು ಕಿವಿ ಕ್ಲಿಪ್ಪು ಬಯಾಸ್ ಪಿನ್ನಿಗೆ. ಇದನ್ನ ಬರೀ ಗ್ರೌಂಡ್ ಅಂತ ತಿಳ್ಕೊಂಡೋರು ತುಂಬಾ ಜನ, ಅದು ಸರಿ ಅಲ್ಲ. ನಿಮ್ಮ ಮೈ ಇಡೀ ಒಂದು ಆಂಟೆನಾ, ಗೋಡೆ ಒಳಗಿನ ಕರೆಂಟಿನ 50 ಇಲ್ಲ 60 ಹರ್ಟ್ಸ್ ಅದರ ಮೇಲೆ ಕೂರತ್ತೆ, ಎಲ್ಲಾ ಎಲೆಕ್ಟ್ರೋಡಲ್ಲೂ ಒಂದೇ ಥರ. ಬೋರ್ಡು ಆ ಸಾಮಾನ್ಯ ಭಾಗವನ್ನ ಅಳೆದು, ತಿರುಗಿಸಿ, ಬಯಾಸ್ ವೈರಿನ ಮೂಲಕ ನಿಮ್ಮ ಮೈಗೇ ವಾಪಸ್ ಕೊಡತ್ತೆ, ಹಾಗಾಗಿ ಅದು ಬಹುಪಾಲು ರದ್ದಾಗತ್ತೆ. ಅಂದ್ರೆ ಬಯಾಸ್ ಅನ್ನೋದು ಒಳಗೆ ಬರೋ ವೈರಲ್ಲ, ಹೊರಗೆ ಹೋಗೋ ವೈರು. ಎರಡು ಕ್ಲಿಪ್ಪು ನೋಡೋಕೆ ಒಂದೇ ಥರ ಇರೋದ್ರಿಂದ ಬುಡದಲ್ಲಿ ಟೇಪ್ ಸುತ್ತಿ ಹೆಸರು ಬರೆದಿಡಿ.

ಡೈಸಿ ಸೇರಿಸಿದಾಗ ಇಲ್ಲಿ ಒಂದು ತಿರುವು ಇದೆ. ಡೈಸಿ ಮೇಲೆ ಇನ್ನೊಂದು ಎಡಿಎಸ್1299 ಇದೆ, 9ರಿಂದ 16ರವರೆಗಿನ ಚಾನೆಲ್ ಅದರದ್ದು. ಅದಕ್ಕೂ ಅದೇ ರೆಫರೆನ್ಸ್ ಬೇಕು, ಆದರೆ ಬೋರ್ಡ್ ಮೇಲೆ ಬೋರ್ಡ್ ಕೂರಿಸಿದ ಮಾತ್ರಕ್ಕೆ ಅದು ಹೋಗಲ್ಲ. ಅದಕ್ಕೇ ಕಿಟ್ಟಲ್ಲಿ ವೈ ಆಕಾರದ ಒಂದು ಸಣ್ಣ ಸ್ಪ್ಲಿಟರ್ ವೈರ್ ಕೊಡ್ತಾರೆ. ಒಂದು ಕಿವಿ ಕ್ಲಿಪ್ಪಿಂದ ಬಂದದ್ದು ಎರಡಾಗಿ ಒಡೆದು, ಒಂದು ಸೈಟಾನಿನ ಕೆಳ ಎಸ್‌ಆರ್‌ಬಿಗೆ, ಇನ್ನೊಂದು ಡೈಸಿಯ ಕೆಳ ಎಸ್‌ಆರ್‌ಬಿಗೆ. ಪೊಟ್ಟಣದಲ್ಲಿ ಉಳ್ಕೊಂಡುಬಿಡೋ ವಸ್ತು ಯಾವುದಾದ್ರೂ ಇದ್ರೆ ಅದು ಇದೇ. ಇದಿಲ್ಲದಿದ್ರೆ ಮೊದಲ ಎಂಟು ಚಾನೆಲ್ ಚೆನ್ನಾಗಿ ಓಡ್ತಿರತ್ತೆ, ಉಳಿದ ಎಂಟು ಪೂರ್ತಿ ಹಾಳು, ಜನ ಡೈಸಿ ಸುಟ್ಟುಹೋಗಿದೆ ಅಂತ ತೀರ್ಮಾನ ಮಾಡಿಬಿಡ್ತಾರೆ.

ಡೈಸಿ ಕೂರಿಸೋವಾಗ ಬ್ಯಾಟರಿ ತೆಗೆದಿರ್ಲಿ. ಕೂರಿಸಿದ ಮೇಲೆ ಪಕ್ಕದಿಂದ ಬಗ್ಗಿ ನೋಡಿ, ಒಂದು ಸಾಲು ಪಿನ್ ಆಚೀಚೆ ಆಗಿದ್ಯಾ ಅಂತ. ಬ್ಯಾಟರಿ ಬೇರೆ ಕಡೆಯಿಂದ ತಗೊಂಡಿದ್ರೆ ಕನೆಕ್ಟರಿನ ಪ್ಲಸ್ ಮೈನಸ್ ಬೋರ್ಡಿಗೆ ಹೊಂದತ್ತಾ ಅಂತ ಮಲ್ಟಿಮೀಟರಲ್ಲಿ ನೋಡದೆ ಚುಚ್ಚಬೇಡಿ, ಕೆಂಪು ವೈರ್ ಇದೆ ಅನ್ನೋದು ಸಾಕ್ಷಿ ಅಲ್ಲ.

ಈಗ ಬಣ್ಣದ ವಿಷ್ಯ, ಇದನ್ನ ಸ್ವಲ್ಪ ನಿಧಾನಕ್ಕೆ ಕೇಳಿ. ಸೈಟಾನಿನ ಒಂದನೇ ಚಾನೆಲ್ ಬೂದು ಬಣ್ಣ, ಎರಡು ನೇರಳೆ, ಮೂರು ನೀಲಿ, ನಾಲ್ಕು ಹಸಿರು, ಐದು ಹಳದಿ, ಆರು ಕಿತ್ತಳೆ, ಏಳು ಕೆಂಪು, ಎಂಟು ಕಂದು. ಎಲೆಕ್ಟ್ರಾನಿಕ್ಸ್ ಓದಿದೋರು ಇಲ್ಲಿ ಎಡವ್ತಾರೆ, ಯಾಕಂದ್ರೆ ರೆಸಿಸ್ಟರ್ ಕಲರ್ ಕೋಡಲ್ಲಿ ಕಂದು ಅಂದ್ರೆ 1, ಬೂದು ಅಂದ್ರೆ 8. ಇಲ್ಲಿ ಅದು ಪೂರ್ತಿ ಉಲ್ಟಾ. ವರ್ಷಗಟ್ಟಲೆ ಕೈ ಪಳಗಿದೋರಿಗೆ ಬೆರಳು ತಾನಾಗೇ ಕಂದು ವೈರನ್ನ ಒಂದನೇ ಪಿನ್ನಿಗೆ ತಗೊಂಡು ಹೋಗತ್ತೆ.

ಅದಕ್ಕಿಂತ ದೊಡ್ಡ ತೊಡಕು, ಡೈಸಿಯಲ್ಲೂ ಇದೇ ಎಂಟು ಬಣ್ಣ ಮತ್ತೆ ಬರತ್ತೆ. ಬೂದು ಎರಡು, ನೀಲಿ ಎರಡು, ಎಲ್ಲಾನೂ ಎರಡೆರಡು. ಡೀಫಾಲ್ಟ್ ಜೋಡಣೆಲಿ ಸೈಟಾನಿನ ಎಂಟು ಅಂದ್ರೆ ಎಫ್‌ಪಿ1, ಎಫ್‌ಪಿ2, ಸಿ3, ಸಿ4, ಪಿ7, ಪಿ8, ಓ1, ಓ2. ಡೈಸಿದು ಎಫ್7, ಎಫ್8, ಎಫ್3, ಎಫ್4, ಟಿ7, ಟಿ8, ಪಿ3, ಪಿ4. ಈಗ ಬಣ್ಣದ ಜೊತೆ ಸೇರಿಸಿ ನೋಡಿ. ಮೂರನೇ ಚಾನೆಲ್ ಸಿ3 ನೀಲಿ, ಹನ್ನೊಂದನೇದು ಎಫ್3, ಅದೂ ನೀಲಿ. ಸಿ4 ಹಸಿರು, ಎಫ್4 ಹಸಿರು. ಪಿ7 ಹಳದಿ, ಟಿ7 ಹಳದಿ. ಓ1 ಕೆಂಪು, ಪಿ3 ಕೆಂಪು. ಅಂದ್ರೆ ತಲೆ ಮೇಲೆ ಅಕ್ಕಪಕ್ಕ ಇರೋ ಜಾಗಗಳಿಗೇ ಒಂದೇ ಬಣ್ಣ ಬಂದುಬಿಡತ್ತೆ! ನಾನು ಶುರುವಲ್ಲಿ ಸಿ3, ಎಫ್3 ಅಂತ ಸುಮ್ನೆ ಹೇಳಿದ್ದಲ್ಲ, ಅದಲುಬದಲು ಆಗೋದು ಹೀಗೇ. ಇದಕ್ಕೆ ನನ್ನ ಸಲಹೆ ಸರಳ. ಬಣ್ಣವನ್ನ ನಂಬ್ಬೇಡಿ. ಪ್ರತಿ ವೈರಿನ ಎರಡೂ ತುದೀಲಿ ಲೇಬಲ್ ಅಂಟಿಸಿ, ಲೇಬಲ್ ಮೇಲೆ ನಂಬರ್ ಅಲ್ಲ, ಜಾಗದ ಹೆಸರು ಬರೀರಿ. ನಂಬರ್ ಸಾಫ್ಟ್‌ವೇರಿಂದು, ನಾಳೆ ಬದಲಾಗ್ಬಹುದು, ಸಿ3 ಅನ್ನೋದು ತಲೆ ಮೇಲಿನ ಜಾಗ, ಅದು ಬದಲಾಗಲ್ಲ.

ಜಾಗದ ಬಗ್ಗೆ ಹೇಳ್ತಿರೋವಾಗ್ಲೇ ಒಂದು ಮಾತು. 1958ರಲ್ಲಿ ಹರ್ಬರ್ಟ್ ಜಾಸ್ಪರ್ ಪ್ರಕಟಿಸಿದ ಟೆನ್ ಟ್ವೆಂಟಿ ಪದ್ಧತಿಯೇ ಇವತ್ತಿಗೂ ಎಲ್ಲರ ಆಧಾರ. ಮೂಗಿನ ಮೇಲಿನ ತಗ್ಗಿಂದ ಹಿಂದೆಲೆಯ ಉಬ್ಬಿನವರೆಗೆ ಟೇಪಲ್ಲಿ ಅಳೀರಿ, 36 ಸೆಂಟಿಮೀಟರ್ ಬಂತು ಅಂದ್ಕೊಳ್ಳಿ. ಹಣೆಯ ಎಫ್‌ಪಿ ಸಾಲು ಮೂಗಿನ ತಗ್ಗಿಂದ 10 ಪರ್ಸೆಂಟ್, ಅಂದ್ರೆ 3.6 ಸೆಂಟಿಮೀಟರ್ ಮೇಲೆ, ನೆತ್ತಿಯ ಸಿಜೆಡ್ ಸರಿಯಾಗಿ 18ಕ್ಕೆ. ಬೆಸ ಸಂಖ್ಯೆ ಎಡಗಡೆ, ಸಮ ಸಂಖ್ಯೆ ಬಲಗಡೆ. ಅಲ್ಟ್ರಾಕಾರ್ಟೆಕ್ಸ್ ಚೌಕಟ್ಟಲ್ಲಿ ಇಂಥ 35 ಜಾಗ ಇದೆ, ಆದರೆ ಚೌಕಟ್ಟು ಗಟ್ಟಿ, ತಲೆ ಒಬ್ಬೊಬ್ಬರದ್ದು ಒಂದೊಂದು ಥರ. ಹೆಡ್‌ಸೆಟ್ ಎರಡು ಸೆಂಟಿಮೀಟರ್ ಹಿಂದಕ್ಕೆ ಜಾರಿ ಕೂತ್ರೆ ಎಷ್ಟು ಲೇಬಲ್ ಅಂಟಿಸಿದ್ರೂ ಅದು ಆ ಜಾಗ ಅಲ್ಲ, ಹಾಗಾಗಿ ಹಾಕಿದ ಮೇಲೆ ಎಫ್‌ಪಿ ಎತ್ತರವನ್ನ ಒಂದ್ಸಲ ಟೇಪಿಂದ ನೋಡೋದು ರೂಢಿ ಮಾಡ್ಕೊಳ್ಳಿ. ಕೂದಲಿರೋ ಜಾಗಕ್ಕೆ ಮುಳ್ಳಿನ ತುದಿ ಎಲೆಕ್ಟ್ರೋಡು, ಹಣೆಗೆ ಚಪ್ಪಟೆದು.

ವೈರ್ ಎಳೆಯೋದು ಹೇಗೆ ಅಂದ್ರೆ, ಚೌಕಟ್ಟಿನ ಕೈಗಳ ಗುಂಟ ಹಿಂದಕ್ಕೆ, ಬೋರ್ಡ್ ಕೂತಿರೋ ಕಡೆಗೆ. ಎಲೆಕ್ಟ್ರೋಡ್ ಸ್ಪ್ರಿಂಗ್ ಮೇಲೆ ಒಳಗೆ ಹೊರಗೆ ಆಡತ್ತೆ, ಆ ಆಟಕ್ಕೆ ಬೇಕಾದಷ್ಟು ಸಡಿಲ ಬಿಡಿ, ಇಲ್ಲಾಂದ್ರೆ ಬೆಸುಗೆ ಹಾಕಿದ ಕಡೆ ಎಳೆದೆಳೆದು ಕಿತ್ತು ಬರತ್ತೆ. ಉಳಿದ ಉದ್ದಾನ ಗಾಳೀಲಿ ಜೋತಾಡೋಕೆ ಬಿಡ್ಬೇಡಿ, ಒಟ್ಟುಗೂಡಿಸಿ ಹೆಣೆದು ಚೌಕಟ್ಟಿಗೆ ಕಟ್ಟಿ. ಇದು ಅಂದಕ್ಕಲ್ಲ. ಎರಡು ವೈರಿನ ನಡುವೆ ಎಷ್ಟು ಅಗಲ ಜಾಗ ಇರತ್ತೋ ಅಷ್ಟು ಸುತ್ತಲಿನ ಕಾಂತಕ್ಷೇತ್ರ ಅದರೊಳಗೆ ಹಾಯತ್ತೆ, ಅಷ್ಟೂ 50 ಹರ್ಟ್ಸ್ ಗುನುಗು ಸಿಗ್ನಲ್ಲಿಗೆ ಸೇರತ್ತೆ. ವಿಶೇಷವಾಗಿ ರೆಫರೆನ್ಸ್ ವೈರ್ ಉಳಿದವುಗಳ ಜೊತೆಗೇ ಸಾಗ್ಬೇಕು, ಅದೊಂದು ಮಾತ್ರ ದೂರ ಸುತ್ತು ಹಾಕ್ಕೊಂಡು ಬಂದ್ರೆ ಹದಿನಾರೂ ಚಾನೆಲ್ಲಿಗೆ ಪೆಟ್ಟು. ಜೊತೆಗೆ ವೈರು ಅಲುಗಿದಾಗ, ಉಜ್ಜಿದಾಗ ಅದರ ಪ್ಲಾಸ್ಟಿಕ್ ಹೊದಿಕೆಯಲ್ಲೇ ಸಣ್ಣ ಚಾರ್ಜ್ ಹುಟ್ಟತ್ತೆ, ತಲೆ ಆಡಿಸಿದಾಗಲೆಲ್ಲ ನಿಧಾನದ ಅಲೆ ಕಂಡ್ರೆ ಮೊದಲು ವೈರ್ ಕಟ್ಟಿದ್ದೀರಾ ನೋಡಿ.

ಎಲ್ಲಾ ಆದ್ಮೇಲೆ, ತಲೆಗೆ ಹಾಕೋ ಮುಂಚೆ, ಮಲ್ಟಿಮೀಟರನ್ನ ಬೀಪ್ ಮೋಡಿಗೆ ಇಟ್ಟು ಪ್ರತಿ ಎಲೆಕ್ಟ್ರೋಡಿನ ತುದಿಯಿಂದ ಅದರ ಕನೆಕ್ಟರಿನವರೆಗೆ ನೋಡಿ. ವೈರನ್ನ ಬೋರ್ಡಿಂದ ಬಿಡಿಸಿಕೊಂಡೇ ನೋಡಿ. ನೋಡೋವಾಗ ವೈರನ್ನ ಸ್ವಲ್ಪ ಬಗ್ಗಿಸಿ ಅಲುಗಿಸ್ತಾ ಇರಿ, ಒಳಗೆ ಕಟ್ ಆಗಿರೋ ವೈರು ನೇರ ಇದ್ದಾಗ ಬೀಪ್ ಅಂದು, ಬಗ್ಗಿಸಿದಾಗ ಸುಮ್ಮನಾಗತ್ತೆ. ತಲೆಗೆ ಹಾಕಿದ ಮೇಲೆ ಮಲ್ಟಿಮೀಟರಿನ ಓಮ್ ಅಳತೆ ಬೇಡವೇ ಬೇಡ, ಅದು ಚರ್ಮದ ಮೂಲಕ ಡಿಸಿ ಕರೆಂಟ್ ಹರಿಸತ್ತೆ, ಎಲೆಕ್ಟ್ರೋಡಿನ ಮೇಲ್ಮೈ ಪೋಲರೈಸ್ ಆಗತ್ತೆ, ಬರೋ ಸಂಖ್ಯೆಗೂ ಅರ್ಥ ಇಲ್ಲ.

ತಲೆ ಮೇಲೆ ಅಳೆಯೋಕೆ ಚಿಪ್ಪಲ್ಲೇ ವ್ಯವಸ್ಥೆ ಇದೆ. 6 ನ್ಯಾನೋಆಂಪಿಯರ್‌ನಷ್ಟು ಪುಟ್ಟ ಕರೆಂಟನ್ನ ಸುಮಾರು 31 ಹರ್ಟ್ಸಲ್ಲಿ ಬಿಟ್ಟು, ಅದರಿಂದ ಎಷ್ಟು ವೋಲ್ಟೇಜ್ ಎದ್ದಿತು ಅಂತ ನೋಡತ್ತೆ. ಲೆಕ್ಕ ನೀವೇ ಹಾಕ್ಬಹುದು, 10 ಕಿಲೋಓಮ್ ಇದ್ರೆ 60 ಮೈಕ್ರೋವೋಲ್ಟ್ ಏಳತ್ತೆ. ಬೋರ್ಡಿನ ಪ್ರತಿ ಇನ್‌ಪುಟ್ಟಲ್ಲಿ 2.2 ಕಿಲೋಓಮ್ ರೆಸಿಸ್ಟರ್ ಸರಣಿಯಲ್ಲಿ ಇದೆ, ಸ್ವಂತ ಪ್ರೋಗ್ರಾಂ ಬರೆಯೋರು ಅದನ್ನ ಕಳೀಬೇಕು. ಡ್ರೈ ಎಲೆಕ್ಟ್ರೋಡಲ್ಲಿ ಜೆಲ್ ಹಾಕಿದಷ್ಟು ಕಮ್ಮಿ ಬರಲ್ಲ, ಅದಕ್ಕೆ ಬೇಜಾರು ಮಾಡ್ಕೋಬೇಡಿ. ಎಲ್ಲಾ ಚಾನೆಲ್ಲೂ ಹೆಚ್ಚುಕಮ್ಮಿ ಒಂದೇ ಥರ ಇದ್ಯಾ ಅನ್ನೋದು ಮುಖ್ಯ, ಯಾಕಂದ್ರೆ ಒಂದು ಕಡೆ ಕಮ್ಮಿ ಒಂದು ಕಡೆ ಜಾಸ್ತಿ ಆದಾಗ್ಲೇ 50 ಹರ್ಟ್ಸ್ ರದ್ದಾಗದೆ ನುಸುಳೋದು. ಅಳತೆ ಮುಗಿದ್ಮೇಲೆ ಆ ಕರೆಂಟ್ ಆಫ್ ಮಾಡೋದು ಮರೀಬೇಡಿ, ಇಲ್ಲಾಂದ್ರೆ ನಿಮ್ಮ ರೆಕಾರ್ಡಿಂಗಲ್ಲಿ 31 ಹರ್ಟ್ಸ್ ಹತ್ರ ಒಂದು ಸೂಜಿಮೊನೆ ಪೀಕ್ ಕೂತಿರತ್ತೆ.

ಕೂಗಿ ಹೇಳೋ ತಪ್ಪುಗಳನ್ನ ಬೇಗ ಮುಗಿಸ್ತೀನಿ, ಅದು ಆಕಾರ ನೋಡಿ ಹೇಳೋ ವಿಷ್ಯ. ಒಂದೇ ಚಾನೆಲ್ ಹಾಳಾಗಿದ್ರೆ ಆ ಎಲೆಕ್ಟ್ರೋಡೋ ಆ ವೈರೋ. 9ರಿಂದ 16 ಮಾತ್ರ ಹಾಳಾಗಿದ್ರೆ ಸ್ಪ್ಲಿಟರ್ರು. ಹದಿನಾರೂ ರೈಲ್ಡ್ ಆಗಿದ್ರೆ ರೆಫರೆನ್ಸ್ ಕ್ಲಿಪ್ಪು. ಹದಿನಾರರಲ್ಲೂ ಸಿಗ್ನಲ್ ಇದೆ ಆದರೆ ಎಲ್ಲದರಲ್ಲೂ ಕರೆಂಟಿನ ಗುನುಗು ತುಂಬಿದೆ ಅಂದ್ರೆ ಮೊದಲು ಬಯಾಸ್ ಕ್ಲಿಪ್ ನೋಡಿ.

ಇನ್ನು ಬಾಯಿಬಿಡದ ತಪ್ಪಿಗೆ ಪರೀಕ್ಷೆ. ಹೆಡ್‌ಸೆಟ್ ಹಾಕ್ಕೊಂಡು ಸಿಗ್ನಲ್ ಓಡ್ತಿರ್ಲಿ, ಎರಡು ಬಾರಿ ಗಟ್ಟಿಯಾಗಿ ಕಣ್ಣು ಮಿಟುಕಿಸಿ. ಎಫ್‌ಪಿ1, ಎಫ್‌ಪಿ2ರಲ್ಲಿ ದೊಡ್ಡ ಗುಡ್ಡ ಏಳಬೇಕು, ಹಿಂದಕ್ಕೆ ಹೋದಷ್ಟೂ ಸಣ್ಣ ಆಗ್ಬೇಕು. ಕಣ್ಣಿನ ಮುಂಭಾಗ ಹಿಂಭಾಗಕ್ಕಿಂತ ಪಾಸಿಟಿವ್, ಹಾಗಾಗಿ ಗುಡ್ಡ ಪಾಸಿಟಿವ್ ದಿಕ್ಕಿಗೇ ಇರ್ಬೇಕು, ಗುಂಡಿ ಆಗಿ ಕಂಡ್ರೆ ನಿಮ್ಮ ಸಾಫ್ಟ್‌ವೇರ್ ನೆಗೆಟಿವ್ ಮೇಲಕ್ಕೆ ಬಿಡಿಸ್ತಿದೆಯಾ ನೋಡಿ, ಅದಲ್ಲಾಂದ್ರೆ ಇನ್‌ಪುಟ್ ಮತ್ತೆ ರೆಫರೆನ್ಸ್ ಉಲ್ಟಾ ಆಗಿದೆ. ಆದರೆ ಮಿಟುಕಿಸೋದ್ರಿಂದ ಎಡ ಬಲ ಅದಲುಬದಲು ಸಿಗಲ್ಲ, ಎರಡೂ ಕಡೆ ಒಂದೇ ಥರ ಬರತ್ತಲ್ಲ. ಅದಕ್ಕೆ ತಲೆ ಆಡಿಸದೆ ಕಣ್ಣನ್ನ ಮಾತ್ರ ಎಡಕ್ಕೆ ಹೊರಳಿಸಿ. ಎಫ್7 ಮೇಲಕ್ಕೆ ಹೋಗತ್ತೆ, ಎಫ್8 ಕೆಳಕ್ಕೆ. ಹಲ್ಲು ಕಚ್ಚಿ, ಕಿವಿ ಹತ್ರದ ಟಿ7, ಟಿ8ರ ಗೆರೆ ದಟ್ಟವಾಗಿ ಕರ್ರಗಾಗತ್ತೆ. ಕಣ್ಣು ಮುಚ್ಚಿ ಆರಾಮಾಗಿ ಕೂತ್ಕೊಳ್ಳಿ, 8ರಿಂದ 13 ಹರ್ಟ್ಸಿನ ಆಲ್ಫಾ ಅಲೆ ತಲೆ ಹಿಂಭಾಗದ ಓ1, ಓ2ರಲ್ಲಿ ಎಲ್ಲಕ್ಕಿಂತ ಎತ್ತರಕ್ಕೆ ಬರತ್ತೆ, ಕಣ್ಣು ತೆರೆದ್ರೆ ಕುಸಿಯತ್ತೆ. ಬರ್ಗರ್ ಕಂಡಿದ್ದೂ ಇದನ್ನೇ, ಈಗಲೂ ಮೊದಲ ಸಲ ನೋಡೋರ ಮುಖ ಅರಳೋದು ಇಲ್ಲೇ. ಕೆಲವರಲ್ಲಿ ಆಲ್ಫಾ ಹುಟ್ಟಿನಿಂದಲೇ ಕಮ್ಮಿ ಇರತ್ತೆ, ಅಂಥೋರ ತಲೆ ಇಟ್ಕೊಂಡು ವೈರಿಂಗ್ ಪರೀಕ್ಷೆ ಮಾಡ್ಬೇಡಿ.

ಇಷ್ಟಾದ್ರೂ ಸಿ3, ಎಫ್3 ಅದಲುಬದಲು ತಪ್ಪಿಸ್ಕೊಂಡು ಹೋಗ್ಬಹುದು. ಅದನ್ನ ಹಿಡಿಯೋದು ತಟ್ಟೋ ಪರೀಕ್ಷೆ ಮಾತ್ರ. ಒಬ್ಬರು ಹೆಡ್‌ಸೆಟ್ ಹಾಕ್ಕೊಂಡು ಕೂತಿರ್ತಾರೆ, ಇನ್ನೊಬ್ಬರು ಮರದ ಕಡ್ಡಿಯಿಂದ ಒಂದೊಂದೇ ಎಲೆಕ್ಟ್ರೋಡನ್ನ ಮೆತ್ತಗೆ ತಟ್ಟಬೇಕು, ಮೂರನೆಯವರು ಸ್ಕ್ರೀನ್ ನೋಡ್ತಾ ಯಾವ ಚಾನೆಲ್ ಜಿಗಿಯಿತು ಅಂತ ಹೇಳ್ಬೇಕು. ಯಾವುದನ್ನ ತಟ್ತಿದ್ದೀವಿ ಅಂತ ಸ್ಕ್ರೀನ್ ನೋಡೋರಿಗೆ ಮೊದಲೇ ಹೇಳ್ಬಾರದು, ಕ್ರಮವಾಗಿ ತಟ್ಟಲೂಬಾರದು. ಹೇಳಿಬಿಟ್ರೆ ಕಣ್ಣು ಆ ಚಾನೆಲ್ಲನ್ನೇ ನೋಡತ್ತೆ, ಅಲ್ಲಿ ಏನೋ ಒಂದು ಅಲುಗಿದ ಹಾಗೆ ಕಂಡೇ ಕಾಣತ್ತೆ. ಅವರು ಹೇಳಿದ ನಂಬರನ್ನ ತಟ್ಟೋರು ಬರ್ಕೊಳ್ಲಿ, ಕೊನೇಲಿ ಪಟ್ಟಿ ಹೋಲಿಸಿ.

ಸುರಕ್ಷತೆ ಬಗ್ಗೆ ಯಾರೋ ಆಗ್ಲೇ ಕೇಳಿದ್ರಿ. ಸೈಟಾನ್ ಬ್ಯಾಟರಿಯಲ್ಲಿ ಓಡತ್ತೆ, ಡೇಟಾ ರೇಡಿಯೋದಲ್ಲಿ ಹೋಗತ್ತೆ, ಹಾಗಾಗಿ ತಲೆಗೂ ಗೋಡೆಯ ಪ್ಲಗ್ಗಿಗೂ ತಂತಿಯ ಸಂಬಂಧ ಇಲ್ಲ. ಆ ಸಂಬಂಧವನ್ನ ನೀವಾಗೇ ಸೃಷ್ಟಿಸ್ಬೇಡಿ. ತಲೆ ಮೇಲೆ ಇರೋವಾಗ ಬ್ಯಾಟರಿ ಚಾರ್ಜ್ ಮಾಡೋದು, ಬೋರ್ಡಿಗೆ ಆಸಿಲೋಸ್ಕೋಪ್ ತಗಲಿಸೋದು, ಯುಎಸ್‌ಬಿ ವೈರಲ್ಲಿ ಪ್ರೋಗ್ರಾಂ ತುಂಬೋದು, ಯಾವುದೂ ಬೇಡ. ಆಸ್ಪತ್ರೆ ಉಪಕರಣದಲ್ಲಿ ವೈರಿನ ತುದಿಯ ಲೋಹ ಬೆರಳಿಗೆ ಸಿಗದ ಹಾಗೆ ಪ್ಲಾಸ್ಟಿಕ್ಕಿನ ಒಳಗೆ ಹೂತಿರತ್ತೆ. ಹಿಂದೆ ಬರಿ ಲೋಹದ ತುದಿ ಇದ್ದ ಕಾಲದಲ್ಲಿ ರೋಗಿಯ ವೈರನ್ನ ಕರೆಂಟಿನ ಕೇಬಲ್ಲಿಗೇ ಚುಚ್ಚಿ ಮಕ್ಕಳ ಜೀವ ಹೋದ ಘಟನೆಗಳು ನಡೆದಿವೆ, ಅದಾದ್ಮೇಲೆ 1997ರಲ್ಲಿ ಅಮೆರಿಕದಲ್ಲಿ ವೈದ್ಯಕೀಯ ಉಪಕರಣಗಳನ್ನ ನಿಯಂತ್ರಿಸೋ ಎಫ್‌ಡಿಎ ಇದಕ್ಕೆ ನಿಯಮ ತಂತು. ನಮ್ಮ ಹೆಡರ್ ಪಿನ್ ವೈರಿಗೆ ಆ ರಕ್ಷಣೆ ಇಲ್ಲ. ಅದಕ್ಕೇ ವೈರ್ ಬೋರ್ಡಿಂದ ಬಿಡಿಸೋ ಮುಂಚೆ ಹೆಡ್‌ಸೆಟ್ ತಲೆಯಿಂದ ತೆಗೀರಿ.

ಇನ್ನೊಬ್ಬರು ಹದಿನಾರು ಚಾನೆಲ್ ಬೇಕೇ ಬೇಕಾ ಅಂದ್ರು. ಕೈ ಕಲ್ಪನೆ ಪ್ರಯೋಗಕ್ಕೋ ಆಲ್ಫಾ ನೋಡೋಕೋ ಎಂಟು ಸಾಕು. ಡೈಸಿ ಸೇರಿಸಿದಾಗ ರೇಡಿಯೋ ಮೇಲೆ ಸ್ಯಾಂಪಲ್ ರೇಟ್, ಅಂದ್ರೆ ಸೆಕೆಂಡಿಗೆ ಎಷ್ಟು ಸಲ ಅಳೆದ ಸಂಖ್ಯೆ ಬರತ್ತೆ ಅನ್ನೋದು, 250ರಿಂದ 125ಕ್ಕೆ ಇಳಿಯತ್ತೆ, ಹಾಗಾಗಿ ಅದರ ಅರ್ಧ, ಅಂದ್ರೆ 62.5 ಹರ್ಟ್ಸಿಂದ ಮೇಲಿನದ್ದು ನಿಮಗೆ ಸಿಗಲ್ಲ. ಎಂಟು ವೈರಾದ್ರೆ ಬಣ್ಣ ಪುನರಾವರ್ತನೆ ಆಗಲ್ಲ, ಸ್ಪ್ಲಿಟರ್ ಬೇಡ. ಮೊದಲು ಎಂಟಲ್ಲಿ ಕೈ ಕೂತ್ಕೊಳ್ಲಿ, ಆಮೇಲೆ ಹದಿನಾರು.

ರೆಕಾರ್ಡ್ ಮಾಡೋರಿಗೆ ಒಂದು ವಿನಂತಿ. ಫೈಲಲ್ಲಿ ಉಳಿಯೋದು ಚಾನೆಲ್ 1, ಚಾನೆಲ್ 2 ಅನ್ನೋ ನಂಬರ್ ಮಾತ್ರ, ಯಾವ ನಂಬರ್ ಯಾವ ಜಾಗ ಅನ್ನೋದನ್ನ ನೀವೇ ಫೈಲ್ ಜೊತೆ ಬರೆದಿಡ್ಬೇಕು, ಹೆಡ್‌ಸೆಟ್ಟಿನ ವೈರಿಂಗ್ ಬದಲಾದ ದಿನವೇ ಹೊಸದಾಗಿ ಬರೀಬೇಕು. ಜೊತೆಗೆ ಪ್ರತಿ ರೆಕಾರ್ಡಿಂಗಿನ ಮೊದಲ ಒಂದು ನಿಮಿಷದಲ್ಲಿ ಎರಡು ಮಿಟುಕು, ಎಡ ಬಲ ನೋಟ, ಹಲ್ಲು ಕಚ್ಚೋದು, ಕಣ್ಣು ಮುಚ್ಚೋದು, ಇಷ್ಟನ್ನ ಇದೇ ಕ್ರಮದಲ್ಲಿ ಮಾಡಿಸಿ ಫೈಲಲ್ಲೇ ಉಳಿಸಿ. ಮುಂದೆ ಯಾರಾದ್ರೂ ಆ ಡೇಟಾ ತೆಗೆದು ಎಫ್7 ನಿಜವಾಗ್ಲೂ ಎಡಗಡೆ ಇತ್ತಾ ಅಂತ ಕೇಳಿದ್ರೆ, ಆ ಒಂದು ನಿಮಿಷ ತೆಗೆದು ನೋಡಿ ಹೇಳ್ಬಹುದು.